ನನ್ನ ಜ್ಞಾನತಾಯಿಯ ಅನುಮಾನಗಳು

ಅವರ ಬಲ ಹುಬ್ಬು ಎರಡು ತುಂಡಾಗಿತ್ತು. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಬಿದ್ದು ಆದ ಗಾಯ. ಮಾಯ್ದ ಜಾಗದಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ. ಎದುರಿಗಿದ್ದವರ ಮಾತಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಹೊರಗಿನ ತುಂಡು ಮಾತ್ರ ಮೇಲೇರುತ್ತಿತ್ತು, ಒಳಗಿನದು ಇದ್ದಲ್ಲೇ ಇರುತ್ತಿತ್ತು. ಹಾಗೆ ಏರಿದ್ದನ್ನು ನೋಡಿ ಮಾತು ಮುಂದುವರಿಸಿದವರು ಕಡಿಮೆ.

ನಾನು ಹಸುಗೂಸಾಗಿದ್ದಾಗ ಚರ್ಚಿನಲ್ಲಿ ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತವರು ಅವರು. ಹಾಗೆ ನಿಂತವರನ್ನು ನಮ್ಮಲ್ಲಿ ಜ್ಞಾನತಾಯಿ ಎನ್ನುತ್ತಾರೆ. ಮಗುವಿನ ವಿಶ್ವಾಸ ಕಾಯುವ ಹೊಣೆ ಅವರದು. ಬಹಳ ಜನ ಆ ಹೊಣೆಯನ್ನು ಒಂದು ಫ್ರಾಕು, ಒಂದು ಕೇಕಿನಲ್ಲಿ ಮುಗಿಸುತ್ತಾರೆ. ಇವರು ಹಾಗೆ ಮುಗಿಸಲಿಲ್ಲ. ಗಂಡ ಬೇಗ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಜರಗನಹಳ್ಳಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆ. ಪ್ರತಿ ಭಾನುವಾರ ಪೂಜೆ ಮುಗಿಸಿ ಜಯನಗರದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಸಂಬಂಧದಲ್ಲಿ ಏನೂ ಆಗದಿದ್ದರೂ ನಾನು ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆ.

ಗಾರ್ಮೆಂಟ್ಸ್ ಒಂದರಲ್ಲಿ ಅವರು ಚೆಕ್ಕರ್ ಆಗಿದ್ದರು. ಹೊಲಿದು ಬಂದ ಷರಟುಗಳನ್ನು ಒಳಮಗ್ಗುಲು ತಿರುಗಿಸಿ ತಪ್ಪು ಹುಡುಕುವ ಕೆಲಸ. ಕೆಲಸದಿಂದ ಆ ಬುದ್ಧಿ ಬಂತೋ, ಬುದ್ಧಿಗೆ ತಕ್ಕ ಕೆಲಸ ಸಿಕ್ಕಿತೋ, ಹೇಳುವುದು ಕಷ್ಟ. ಹಾಲಿನವನು ಅಳೆಯುವಾಗ ಅವನ ಹೆಬ್ಬೆರಳು ನೋಡುತ್ತಿದ್ದರು. ಆಟೋ ಹತ್ತಿದರೆ ರಸ್ತೆ ನೋಡುತ್ತಿರಲಿಲ್ಲ, ಮೀಟರು ನೋಡುತ್ತಿದ್ದರು. ಪೂಜೆಯ ನಡುವೆ ಗುರುಗಳು ಮಾಡುವ ಪ್ರಸಂಗದಲ್ಲಿ ಕೇಳಿದ ಯಾವುದಾದರೂ ಮಾತು ಹಿಡಿಸದಿದ್ದರೆ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಕಾದು ನಿಂತು, “ಫಾದರ್, ನೀವು ಹೇಳಿದ್ದು ಬೈಬಲ್ಲಲ್ಲಿ ಎಲ್ಲಿದೆ?” ಎಂದು ಕೇಳುತ್ತಿದ್ದರು. ಒಬ್ಬ ಗುರುಗಳಂತೂ ಅವರನ್ನು ಕಂಡರೆ ಪಕ್ಕದ ಬಾಗಿಲಿನಿಂದ ಹೋಗಿಬಿಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಮುಟ್ಟು ಬಂದರೆ ನಿಲ್ಲುತ್ತಲೇ ಇರಲಿಲ್ಲ. ಅಮ್ಮ ಸೊಪ್ಪು, ಬೆಲ್ಲ, ಟಾನಿಕ್ಕು ಎಲ್ಲ ಮಾಡಿ ನೋಡಿದಳು. ಒಂದು ಬೆಳಗ್ಗೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ಯಾರೋ ಇಬ್ಬರು ಹೆಂಗಸರು ಆಟೋದಲ್ಲಿ ಮನೆಗೆ ತಲುಪಿಸಿದರು. ಜಯನಗರ ನಾಲ್ಕನೇ ಬ್ಲಾಕಿನ ಲೇಡಿ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಮೊದಲು ಒಂದು ಮಾತ್ರೆ ಕೊಟ್ಟರು. ಅದು ಹಿಡಿಯಲಿಲ್ಲ. ಆಮೇಲೆ ಹಾರ್ಮೋನ್ ಮಾತ್ರೆ ಬರೆದರು. ಗರ್ಭ ತಡೆಯಲು ಹೆಂಗಸರು ನುಂಗುವ ಮಾತ್ರೆಯೇ ಅದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಜೊತೆಗೆ ಬಂದಿದ್ದ ಅಮ್ಮ ಚೀಟಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು. ನಮ್ಮ ಕಥೋಲಿಕ ಧರ್ಮಸಭೆ ಗರ್ಭನಿರೋಧಕವನ್ನು ಒಪ್ಪುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನೇ ಕಾಯಿಲೆಗೆಂದು ತೆಗೆದುಕೊಂಡರೆ ಏನು ಎಂಬುದು ಗೊತ್ತಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ನಾಚಿಕೆ. “ಯಾರಿಗೂ ಹೇಳ್ಬೇಡ,” ಎಂದಷ್ಟೇ ಹೇಳಿದಳು.

ಹೇಳುವ ಅಗತ್ಯವೇ ಬೀಳಲಿಲ್ಲ. ಮುಂದಿನ ತಿಂಗಳ ಒಂದು ಭಾನುವಾರ ದೊಡ್ಡಮ್ಮ ಸೀರೆಗೆ ಪಿನ್ನು ಬೇಕೆಂದು ನನ್ನ ಕಾಲೇಜು ಬ್ಯಾಗಿಗೆ ಕೈ ಹಾಕಿದರು. ಪಿನ್ನಿನ ಬದಲು ಮಾತ್ರೆಯ ಪಟ್ಟಿ ಹೊರಬಂತು.

“ಏನಿದು?”

“ರಕ್ತ ಕಮ್ಮಿ ಇದೆಯಲ್ಲ ದೊಡ್ಡಮ್ಮ, ಅದಕ್ಕೆ.”

“ರಕ್ತದ ಮಾತ್ರೆಗೆ ಸೋಮವಾರ ಮಂಗಳವಾರ ಅಂತ ಯಾಕೆ ಬರ್ದಿರ್ತಾರೆ?”

ಫ್ಯಾಕ್ಟರಿಯ ಹೆಂಗಸರ ಬ್ಯಾಗುಗಳಲ್ಲಿ ಅವರು ಆ ಪಟ್ಟಿಯನ್ನು ಎಷ್ಟೋ ಸಲ ನೋಡಿದ್ದಿರಬೇಕು. ರೂಮಿನ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು.

“ಯಾರೇ ಅವನು?”

ನನಗೆ ಅಳು ಬಂತು. ಯಾರೂ ಇಲ್ಲ ಎಂದೆ, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವರು ಕೇಳಿಸಿಕೊಂಡರು. ನಂಬಿದರು ಎಂದು ಮುಖ ನೋಡಿ ಹೇಳುವಂತಿರಲಿಲ್ಲ.

“ಅಳೋದು ಸಾಕ್ಷಿ ಅಲ್ಲ. ನಾಳೆ ಆ ಡಾಕ್ಟ್ರ ಹತ್ರ ಹೋಗೋಣ,” ಎಂದರು.

ಮರುದಿನ ಫ್ಯಾಕ್ಟರಿಗೆ ರಜೆ ಹಾಕಿ ಬಂದರು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, “ನೀವು ಇವಳಿಗೆ ಏನಾಗ್ಬೇಕು?” ಎಂದರು.

“ಜ್ಞಾನತಾಯಿ. ಇವಳ ಆತ್ಮಕ್ಕೆ ನಾನು ಜವಾಬ್ದಾರಿ.”

“ಸರಿ. ಆತ್ಮಕ್ಕೆ ನೀವು ಇರಿ, ಹಿಮೋಗ್ಲೋಬಿನ್‌ಗೆ ನಾನಿದೀನಿ. ಏನು ಕೇಳ್ಬೇಕಿತ್ತು?”

ಬೇರೆ ಔಷಧ ಯಾಕಿಲ್ಲ, ಎಷ್ಟು ದಿನ ಬೇಕು, ನಿಲ್ಲಿಸಿದರೆ ಏನಾಗುತ್ತದೆ, ಮುಂದೆ ಮಕ್ಕಳಾಗುತ್ತವೋ ಇಲ್ಲವೋ, ಎಲ್ಲ ಕೇಳಿದರು. ಡಾಕ್ಟರು ಸಮಾಧಾನವಾಗಿಯೇ ಉತ್ತರಿಸಿದರು. ಕೊನೆಗೆ ದೊಡ್ಡಮ್ಮ, “ಈ ಮಾತ್ರೆ ಕಂಪನಿಯವರು ನಿಮಗೇನಾದ್ರೂ ಕೊಡ್ತಾರಾ?” ಎಂದಾಗ ಡಾಕ್ಟರು ಗಂಟೆ ಒತ್ತಿ ಮುಂದಿನ ಪೇಷೆಂಟನ್ನು ಕರೆದರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ದೊಡ್ಡಮ್ಮ ಅಷ್ಟಕ್ಕೂ ಬಿಡಲಿಲ್ಲ. ಬನಶಂಕರಿಯಲ್ಲಿ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮೊದಲ ಚೀಟಿ ತೋರಿಸದೆ ಪರೀಕ್ಷೆ ಮಾಡಿಸಿದರು. ಅವರೂ ಅದೇ ಮಾತ್ರೆ ಬರೆದರು.

ಇನ್ನು ಉಳಿದದ್ದು ಗುರುಗಳು. ನಮ್ಮ ಚರ್ಚಿಗೆ ಆಗಷ್ಟೇ ಬಂದಿದ್ದ ಕಿರಿಯ ಗುರುಗಳು ದೊಡ್ಡಮ್ಮನ ಮಾತು ಮುಗಿಯುವ ಮೊದಲೇ, “ಮದುವೆ ಆಗ್ದಿರೋ ಹುಡುಗಿಗೆ ಆ ಮಾತ್ರೆ ಯಾಕಮ್ಮ? ಪಾಪಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಬಿಡಿಸಿಬಿಡಿ,” ಎಂದುಬಿಟ್ಟರು. ಅವರು ನನ್ನ ಕಡೆ ನೋಡಲೂ ಇಲ್ಲ. ಇನ್ನು ಮಾತ್ರೆ ಹೋಯಿತು ಎಂದುಕೊಂಡೆ. ಆದರೆ ಗೇಟು ದಾಟುವಾಗ ದೊಡ್ಡಮ್ಮ ಗೊಣಗಿದರು. “ಕಾಯಿಲೆ ಏನು ಅಂತಾನೇ ಕೇಳ್ಲಿಲ್ಲ ನೋಡು. ಇವರು ಪೂರ್ತಿ ಓದಿದಾರೋ ಇಲ್ವೋ ನನಗೆ ಅನುಮಾನ.”

ಹಾಗಾಗಿ ನಾವು ಇನ್ನೊಂದು ಬಸ್ಸು ಹತ್ತಿದೆವು. ಗುರುಗಳಾಗುವವರು ಓದುವ ಸೆಮಿನರಿಯಲ್ಲಿ ಬಹಳ ವರ್ಷ ನೀತಿಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ವೃದ್ಧ ಗುರುಗಳೊಬ್ಬರು ಇದ್ದರು. ಅವರು ನಮ್ಮನ್ನು ಕೂರಿಸಿ, ಮೊದಲು ನನ್ನನ್ನೇ ಕೇಳಿದರು, “ತಲೆ ಸುತ್ತೋದು ಈಗ ಕಮ್ಮಿ ಆಗಿದೆಯಾ ಮಗಳೇ?” ಆಗಿದೆ ಎಂದೆ.

ಆಮೇಲೆ ದೊಡ್ಡಮ್ಮನಿಗೆ ಹೇಳಿದರು: “ಧರ್ಮಸಭೆ ಬೇಡ ಅನ್ನೋದು ಮಾತ್ರೇನ ಅಲ್ಲಮ್ಮ. ಗಂಡ ಹೆಂಡತಿ ಕೂಡೋದನ್ನ ಬೇಕು ಅಂತಲೇ ಬಂಜೆ ಮಾಡೋದನ್ನ. ಇಲ್ಲಿ ಕಾಯಿಲೆ ಇದೆ, ಅದಕ್ಕೆ ಔಷಧ. ಅದರ ಜೊತೆಗೆ ಗರ್ಭ ನಿಲ್ಲೋದು ತಪ್ಪಿದ್ರೂ, ಅದು ಇವಳು ಬಯಸಿದ್ದಲ್ಲ. ಗರ್ಭಕೋಶದಲ್ಲಿ ಗಡ್ಡೆಯಾದ್ರೆ ತೆಗೆಸೋದಿಲ್ವಾ? ಇದು ಅದಕ್ಕಿಂತ ಚಿಕ್ಕದು.”

“ಮದುವೆ ಆದ್ಮೇಲೆ?”

“ಆಗ್ಲೂ ಕಾಯಿಲೆ ಇದ್ರೆ ಔಷಧ ಔಷಧನೇ. ಕಾಯಿಲೆ ಹೋಗಿ ನೆಪ ಮಾತ್ರ ಉಳಿದ್ರೆ, ಅದು ಬೇರೆ ಮಾತು.”

“ನೆಪ ಹೌದೋ ಅಲ್ವೋ ಅಂತ ಹೇಗೆ ಗೊತ್ತಾಗೋದು ಫಾದರ್?”

“ದೇವರಿಗೆ ಗೊತ್ತಾಗುತ್ತೆ. ಅವಳಿಗೆ ಗೊತ್ತಾಗುತ್ತೆ.”

“ನಮಗೆ?”

“ನಮಗೆ ಗೊತ್ತಾಗ್ಲೇಬೇಕು ಅಂತೇನಿಲ್ಲಮ್ಮ.”

ದೊಡ್ಡಮ್ಮ ಬ್ಯಾಗು ತೆಗೆದುಕೊಂಡು ಎದ್ದರು. ಅವರ ಬಾಯಲ್ಲಿ ಮುಂದಿನ ಪ್ರಶ್ನೆ ಇಲ್ಲದೆ ಇದ್ದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅದಾದ ಮೇಲೆ ಬಹಳ ವರ್ಷ ಮಾತ್ರೆಯ ಬಗ್ಗೆ ಅವರು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಆದರೂ ನನಗೆ ಅವರ ಮೇಲೆ ನಂಬಿಕೆ ಬರಲಿಲ್ಲ. ಭಾನುವಾರ ಅವರು ಬರುವ ಹೊತ್ತಿಗೆ ಬ್ಯಾಗನ್ನು ಬೀರುವಿನ ಹಿಂದೆ ಇಡುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ, ನಾನು ಕೆಲಸಕ್ಕೆ ಸೇರಿ, ವಿಲ್ಸನ್ ಗಾರ್ಡನ್‌ನ ಒಂದು ಮನೆಯ ಹುಡುಗನ ಜೊತೆ ಮದುವೆಯ ಮಾತು ನಡೆಯಿತು. ಎಲ್ಲ ಒಪ್ಪಿಗೆಯಾದ ಮೇಲೆ ಹುಡುಗನ ತಾಯಿಯ ಕಿವಿಗೆ ಯಾರೋ ಮಾತ್ರೆಯ ವಿಷಯ ಹಾಕಿದರು. ಆಕೆ ನಮ್ಮ ಮನೆಗೆ ಬಂದು, ಕಾಫಿ ಮುಟ್ಟದೆ, “ಹುಡುಗಿ ಕಾಲೇಜಲ್ಲಿದ್ದಾಗಿಂದಲೇ ಏನೋ ತಗೋತಾ ಇದ್ಳಂತೆ,” ಎಂದರು. ದೊಡ್ಡಮ್ಮ ಮೂಲೆಯ ಕುರ್ಚಿಯಲ್ಲಿದ್ದರು. ಅಲ್ಲಿಂದಲೇ ಹೇಳಿದರು.

“ತಗೋತಾ ಇದ್ಳು. ಈಗ್ಲೂ ತಗೋತಾಳೆ, ಕಾಯಿಲೆಗೆ. ನಿಮಗೆ ಈಗ ಬಂದಿರೋ ಅನುಮಾನ ನನಗೆ ಆವಾಗ್ಲೇ ಬಂದಿತ್ತು. ಇಬ್ಬರು ಡಾಕ್ಟ್ರು, ಇಬ್ಬರು ಗುರುಗಳು, ಎಲ್ಲರ ಹತ್ರ ಹೋಗಿ ನಾನು ಅನುಮಾನ ಪಟ್ಟಾಗಿದೆ. ನೀವು ಹೊಸದಾಗಿ ಪಡೋದು ಏನೂ ಉಳಿದಿಲ್ಲ. ಕಾಫಿ ತಗೊಳ್ಳಿ.”

ಆಕೆ ಕಾಫಿ ತೆಗೆದುಕೊಂಡರು. ಮದುವೆ ಆಯಿತು. ನನಗೆ ಅವತ್ತು ದೊಡ್ಡಮ್ಮನ ಕಾಲಿಗೆ ಬೀಳಬೇಕು ಅನ್ನಿಸಿತ್ತು.

ಎರಡು ವರ್ಷವಾದರೂ ಮಗುವಿನ ಸುದ್ದಿ ಇರಲಿಲ್ಲ. ಒಂದು ಸಂಜೆ ದೊಡ್ಡಮ್ಮ ಬಿ.ಟಿ.ಎಂ. ಬಡಾವಣೆಯಲ್ಲಿ ನಾನೂ ನನ್ನ ಗಂಡನೂ ಇದ್ದ ಮನೆಗೆ ಬಂದು, ಅವರನ್ನು ಬಾಳೆಹಣ್ಣು ತರಲು ಕಳಿಸಿ, ನನ್ನ ಎದುರಿಗೆ ಕೂತರು.

“ಈಗ ರಕ್ತ ಹೋಗಲ್ವಲ್ಲ. ಮಾತ್ರೆ ಯಾಕೆ?”

“ಡಾಕ್ಟ್ರು ಹೇಳಿದಾರೆ.”

“ಡಾಕ್ಟ್ರು ಏನು ಹೇಳಿದ್ರು ಅಂತ ನಾನು ಕೇಳ್ಲಿಲ್ಲ.”

ನನಗೆ ಆಫೀಸಿನಲ್ಲಿ ಆಗಷ್ಟೇ ಮೇಲಿನ ಹುದ್ದೆ ಸಿಕ್ಕಿತ್ತು. ಮಾತ್ರೆ ಕಾಯಿಲೆಗೋ ಅನುಕೂಲಕ್ಕೋ ಎಂಬ ಪ್ರಶ್ನೆ ನನ್ನೊಳಗೂ ಒಂದೆರಡು ಸಲ ಸುಳಿದುಹೋಗಿತ್ತು. ಉತ್ತರ ನನಗೇ ಸ್ಪಷ್ಟವಿರಲಿಲ್ಲ. ಅದನ್ನೇ ಅವರು ಎಳೆದು ಮುಂದೆ ಇಟ್ಟಾಗ ಸಿಟ್ಟು ಬಂತು. “ನಮಗೆ ಗೊತ್ತಾಗ್ಲೇಬೇಕು ಅಂತಿಲ್ಲ ಅಂತ ಫಾದರ್ ನಿಮಗೆ ಹೇಳಿರ್ಲಿಲ್ವಾ?” ಎಂದೆ. ಅವರು ಎದ್ದರು. ಬಾಳೆಹಣ್ಣು ಬರುವ ಮೊದಲೇ ಹೋಗಿಬಿಟ್ಟರು.

ವಾರ ಕಳೆದು ನಾನೇ ಡಾಕ್ಟರ ಹತ್ತಿರ ಹೋಗಿ ಕೇಳಿದೆ. “ನಿಲ್ಲಿಸಿ ನೋಡಬಹುದು, ಕೆಲವರಿಗೆ ಸರಿಹೋಗಿರುತ್ತೆ,” ಎಂದರು ಅವರು. ನಿಲ್ಲಿಸಿದೆ. ನನಗೆ ಸರಿಹೋಗಿರಲಿಲ್ಲ. ಮೂರನೇ ತಿಂಗಳು ಆಸ್ಪತ್ರೆಗೆ ಸೇರಿಸಿ ರಕ್ತ ಏರಿಸಬೇಕಾಯಿತು.

ಕಣ್ಣು ಬಿಟ್ಟಾಗ ದೊಡ್ಡಮ್ಮ ಮಂಚದ ಪಕ್ಕ ಸ್ಟೂಲಿನ ಮೇಲಿದ್ದರು. ಕೈಯಲ್ಲಿ ಜಪಸರವಿತ್ತು, ಜಪ ನಡೆಯುತ್ತಿರಲಿಲ್ಲ.

“ನನ್ನ ಮಾತಿಗೆ ನಿಲ್ಲಿಸಿದ್ಯಾ?”

“ಇಲ್ಲ ದೊಡ್ಡಮ್ಮ. ಡಾಕ್ಟ್ರನ್ನ ಕೇಳೇ ನಿಲ್ಲಿಸಿದ್ದು.”

ಅವರು ನಂಬಲಿಲ್ಲ. ಡಿಸ್ಚಾರ್ಜ್ ದಿನ ಡಾಕ್ಟರು ಮತ್ತೆ ಅದೇ ಮಾತ್ರೆ ಬರೆದರು. ನನ್ನ ಗಂಡ ಚೀಟಿಗೆ ಕೈ ಚಾಚಿದರೆ ದೊಡ್ಡಮ್ಮ ಕೊಡಲಿಲ್ಲ. ತಾವೇ ಎದುರಿನ ಮೆಡಿಕಲ್ ಶಾಪಿಗೆ ಹೋದರು. ನಾನು ಆಟೋದಲ್ಲಿ ಕೂತು ನೋಡುತ್ತಿದ್ದೆ. ಬಿಳಿ ಕೂದಲಿನ ಹೆಂಗಸು, ಎದೆಯ ಮೇಲೆ ಶಿಲುಬೆ. ಅಂಗಡಿಯವನು ಚೀಟಿ ನೋಡಿ ಅವರ ಮುಖ ನೋಡಿ ಸಣ್ಣಗೆ ನಕ್ಕ.

“ಯಾರಿಗೆ ಆಂಟಿ ಇದು?”

“ನನ್ನ ಮಗಳಿಗೆ. ಕೊಡಿ,” ಎಂದರು ದೊಡ್ಡಮ್ಮ, ರಸ್ತೆಯ ಈಚೆಗೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಅವರೇ ತಂದುಕೊಡುತ್ತಿದ್ದರು. ಬೇಡವೆಂದರೂ ಕೇಳಲಿಲ್ಲ. ನನಗೆ ಮಕ್ಕಳಾಗಲಿಲ್ಲ, ಕೆಲವು ವರ್ಷಗಳ ನಂತರ ಗರ್ಭಕೋಶವನ್ನೇ ತೆಗೆಸಬೇಕಾಯಿತು. ಅದಕ್ಕೂ ಅವರೇ ಜೊತೆಗಿದ್ದರು.

ಅದಾಗಿ ವರ್ಷ ತುಂಬುವಷ್ಟರಲ್ಲಿ ಅವರಿಗೆ ಶ್ವಾಸಕೋಶದ ಕಾಯಿಲೆ ಬಂತು. ಬಟ್ಟೆಯ ಧೂಳು ಕುಡಿದ ವರ್ಷಗಳ ಫಲ ಎಂದರು. ಜರಗನಹಳ್ಳಿಯ ಮನೆ ಬಿಡಿಸಿ ನಮ್ಮ ಮನೆಗೆ ಕರೆತಂದೆ. ಕೊನೆಯ ವಾರ ಗುರುಗಳು ಬಂದು ಪಾಪನಿವೇದನೆ ಕೇಳಿ ಹೋದರು. ಅವರು ಹೋದ ಮೇಲೆ ದೊಡ್ಡಮ್ಮ ನನ್ನನ್ನು ಹತ್ತಿರ ಕರೆದರು.

“ನಿನ್ನನ್ನ ನಂಬದೇ ಇದ್ದದ್ದನ್ನ ನಿವೇದನೆಯಲ್ಲಿ ಹೇಳ್ದೆ.”

“ಏನಂದ್ರು?”

“ತಾಯಿ ಸ್ಥಾನದಲ್ಲಿದ್ದವರು ಕೇಳೋದು ಸಹಜ, ಅದು ಪಾಪ ಅಲ್ಲ ಅಂದ್ರು.” ಉಸಿರು ಎಳೆದುಕೊಂಡರು. “ಈ ಗುರುಗಳ ಮೇಲೆ ನನಗ್ಯಾಕೋ ಅನುಮಾನ ಕಣೇ.”

“ನನಗೂ ದೊಡ್ಡಮ್ಮ,” ಎಂದೆ.

ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ನಾನು ಬೆನ್ನು ಸವರುತ್ತಾ ಕೂತಿದ್ದೆ. ಆ ಶುಕ್ರವಾರ ಮಧ್ಯಾಹ್ನ ತೀರಿಕೊಂಡರು. ಚರ್ಚಿನವರು ಬಂದು ಹತ್ತಿರದ ಸಂಬಂಧಿಕರು ಯಾರು ಎಂದು ಕೇಳಿದಾಗ, ಅಮ್ಮ ಬಾಯಿ ತೆರೆಯುವ ಮೊದಲೇ ನಾನು ಮಗಳು ಎಂದೆ.