ಸೋನಾರಿಗೆ ಸಿಗದ ನಮ್ಮ ಭಾವ

ಕಳೆದ ಸೋಮವಾರ ನಮ್ಮ ಭಾವ ಐದು ಸಲ ಸತ್ತರು. ಐದು ಸಲವೂ ಲ್ಯಾಪ್‌ಟಾಪ್ ಪರದೆಯ ಮೇಲೆ.

(ನಗಬೇಡಿ. ಅವತ್ತು ನಾನು ನಗುವ ಸ್ಥಿತಿಯಲ್ಲಿರಲಿಲ್ಲ.)

ಅಕ್ಕನ ಊರು ನಾಗಮಂಗಲದ ಹತ್ತಿರ. ಬೆಳಿಗ್ಗೆ ಎದ್ದರೆ ಭಾವ ಇಲ್ಲ, ಫೋನು ಮನೆಯಲ್ಲೇ ಇದೆ, ಚಪ್ಪಲಿ ಮಾತ್ರ ಕೆರೆಯ ಮೆಟ್ಟಿಲ ಮೇಲೆ. ಊರಿಗೆ ಇನ್ನೇನು ಬೇಕು? ನಾನು ತಲುಪುವಷ್ಟರಲ್ಲಿ ಸೋನಾರ್ ಕಟ್ಟಿದ ರಬ್ಬರ್ ದೋಣಿ ನೀರಿಗಿಳಿದಿತ್ತು. ಅಕ್ಕ ಆ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಏರಿಯ ಮೇಲೆ ಕೂತಿದ್ದಳು.

ನೀರೊಳಗೆ ಶಬ್ದ ಬಿಟ್ಟು, ಅದು ಬಡಿದು ವಾಪಸ್ ಬರುವುದನ್ನು ಕೇಳುವ ಯಂತ್ರ ಆ ಸೋನಾರು. ಆಳವಿದ್ದರೆ ಸಲೀಸಂತೆ. ಇಲ್ಲಿರುವುದು ಎರಡಾಳು ನೀರು!

"ತಳಕ್ಕೂ ಬಡೀತದೆ, ಮೇಲಕ್ಕೂ ಬಡೀತದೆ ಸಾರ್. ಎಲ್ಲಾ ಒಟ್ಟಿಗೇ ವಾಪಸ್ ಬರ್ತದೆ. ಕಲ್ಲ್ಯಾವ್ದು, ಮನುಷ್ಯ ಯಾವ್ದು ಗೊತ್ತಾಗಲ್ಲ" ಎಂದ ಆಪರೇಟರ್.

ಪರದೆಯಲ್ಲಿ ಆಳುದ್ದದ ಐದು ಕಪ್ಪು ಗುರುತು. ಮೊದಲನೆಯದಕ್ಕೆ ದೋಣಿಯಲ್ಲಿದ್ದ ಮುಳುಗುಗಾರ ಮುಳುಗಿದರೆ ಟ್ರಾಕ್ಟರ್ ಟೈರುಗಳು. ಎರಡನೆಯದಕ್ಕೆ ತೆಂಗಿನ ಬೊಡ್ಡೆ. ಮುಳುಗಿದವನು ತಲೆ ಎತ್ತುವವರೆಗೆ ಅಕ್ಕ ಉಸಿರೇ ಬಿಡುತ್ತಿರಲಿಲ್ಲ.

ಆಗ ಮೀನು ಹಿಡಿಯುವ ಮುದುಕ ಸಿದ್ದಣ್ಣ ಕೂಗಿದ. "ಬಾರಪ್ಪ ಇಲ್ಲಿ! ಕೆರೆ ಬತ್ತಿದ್ ವರ್ಸ ಗೋಡು ಮಣ್ಣು ಹೊತ್ತೋನು ನಾನು. ತಳದಾಗೆ ಏನೇನದೆ ಅಂತ ನಂಗೊತ್ತು. ಮೊದ್ಲು ಅದ ಲೆಕ್ಕದಿಂದ ತೆಗೆದಾಕು, ಆಮೇಕೆ ಉಳಿದಿದ್ದ ನೋಡು."

ದೋಣಿ ಹತ್ತಿ ಬೆರಳು ತೋರಿಸುತ್ತಾ ಹೋದ. ಇದು ಹಳೇ ತೂಬಿನ ಕಲ್ಲು. ಅದು ಜಾರಿಬಿದ್ದ ಬಟ್ಟೆ ಒಗೆಯೋ ಚಪ್ಪಡಿ. ಅಗೋ ಅದು ಮುರಿದ ತೆಪ್ಪ, ನಂದೇ! ಆಪರೇಟರ್ ಕೋಲಿಳಿಸಿ ತಟ್ಟಿ ನೋಡಿದ. ಒಂದೊಂದನ್ನೂ ಹೊಡೆದುಹಾಕುತ್ತಾ ಸೇವ್ ಮಾಡಿಕೊಂಡ. ತಳದಲ್ಲಿ ಮೊದಲೇ ಏನಿತ್ತೆಂದು ತಿಳಿಯದೆ ಹೊಸದನ್ನು ಹುಡುಕುವುದಾದರೂ ಹೇಗೆ, ಹೇಳಿ?

ಕೊನೆಗೆ ಒಂದೂ ಉಳಿಯಲಿಲ್ಲ.

"ನಿಮ್ಮೆಜಮಾನ್ರು ಇಲ್ಲಿಲ್ಲ ಕಣವ್ವ, ಏಳು" ಎಂದ ಸಿದ್ದಣ್ಣ. ಅಕ್ಕ ಆಗ ಅತ್ತಳು. ನಾನೂ ಅತ್ತೆ, ನಾಚಿಕೆಯೇನು?

ಮಧ್ಯಾಹ್ನ ಬೆಳ್ಳೂರು ಕ್ರಾಸಿನ ಹೋಟೆಲೊಂದರಿಂದ ಫೋನು. "ನಾನ್ಕಣಯ್ಯ. ಬಸ್ಸಿಗೆ ಕಾಯ್ತಾ ಇವ್ನಿ. ನಿಮ್ಮಕ್ಕಂಗೆ ಯೋಳು, ಮುದ್ದೆ ಇಟ್ಟಿರ್ಲಿ."

ಅಕ್ಕನ ಆಪರೇಷನ್ ಸಲೀಸಾಗಿ ಆದರೆ ಚುಂಚನಗಿರಿಗೆ ಬರಿಗಾಲಲ್ಲಿ ಬರುತ್ತೇನೆಂದು ಭಾವ ಹರಕೆ ಹೊತ್ತಿದ್ದರಂತೆ. ಕೆರೆಯಲ್ಲಿ ಕಾಲು ತೊಳೆದು, ಚಪ್ಪಲಿ ಅಲ್ಲೇ ಬಿಟ್ಟು ನಡೆದಿದ್ದಾರೆ. ಒಂದು ಮಾತು ಹೇಳಬಾರದಿತ್ತೇ? "ಯೋಳುದ್ರೆ ಅರಕೆ ಫಲಿಸಾಕಿಲ್ಲ ಕಣಯ್ಯ!"

ಅವತ್ತು ಏರಿಯ ಮೇಲೆ ಕೂತು, ಗಂಡ ಸಿಗಲೆಂದು ಅಕ್ಕನೂ ಒಂದು ಹರಕೆ ಹೊತ್ತಳಂತೆ. ಏನೆಂದು ಕೇಳಿದರೆ, ಮಹಾತಾಯಿ ಬಾಯೇ ಬಿಡುತ್ತಿಲ್ಲ.