ಶಂಭಣ್ಣನ ರಾತಲು, ಹಮಾಲಿಗಳ ಹೆಗಲು

ಬೆಳಗಿನ ಐದೂವರೆ. ಬಂಟ್ವಾಳದಲ್ಲಿ ನೇತ್ರಾವತಿಯ ಮರಳಿನ ಮೇಲೆ ಏಳು ಮಂದಿ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಬಳೆಯಂಥ ಹಿಡಿ ಇರುವ ಕಬ್ಬಿಣದ ತೂಕದ ಕಲ್ಲು. ಅದನ್ನು ಕಾಲುಗಳ ನಡುವೆ ಹಿಂದಕ್ಕೆ ಬೀಸಿ, ಸೊಂಟದ ಬಲದಿಂದ ಎದೆಯ ಮಟ್ಟಕ್ಕೆ ತರುತ್ತಾರೆ. ಬಲಗೈಯಲ್ಲಿ ಹತ್ತು, ಎಡಗೈಯಲ್ಲಿ ಹತ್ತು. ಐವತ್ತೆರಡರ ಶಂಭು ಮುಂಡು ಎತ್ತಿ ಕಟ್ಟಿ ಸಾಲಿನ ಎದುರು ಆಚೀಚೆ ನಡೆಯುತ್ತಾ ಗದರಿಸುತ್ತಾರೆ.

“ಹೆಗಲು ಕಿವಿಯ ಹತ್ತಿರ ಯಾಕೆ ಹೋಗ್ತದೆ ಮಾರಾಯ? ಕಿವಿಗೆ ಎಂತ ಗುಟ್ಟು ಹೇಳ್ಲಿಕ್ಕುಂಟು?”

ಇವರ್‍ಯಾರೂ ಕುಸ್ತಿಗೆ ಹೊರಟವರಲ್ಲ. ಪೇಟೆಯಲ್ಲಿ ಅಕ್ಕಿ ಮುಡಿ ಹೊರುವ ಹಮಾಲಿಗಳು. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ ನಲವತ್ತು ಕಿಲೋದ ಆಸುಪಾಸು ತೂಗುತ್ತದೆ. ಕೆಲಸ ಜೋರಿರುವ ದಿನ ಒಬ್ಬೊಬ್ಬರು ಅಂಥ ನೂರು ಹೊರುವುದುಂಟು, ಅದೂ ಬಲಹೆಗಲಿನ ಮೇಲೆಯೇ. ಎಡಗೈಯಲ್ಲಿ ಉಣ್ಣುವುದಿಲ್ಲ, ಹಾಗಾಗಿ ಅಕ್ಕಿಯನ್ನು ಎಡಹೆಗಲಿಗೆ ಹಾಕಬಾರದು ಎಂಬುದು ಇವರ ಹಿರಿಯರು ಮಾಡಿಟ್ಟ ಕಟ್ಟು. ಅನ್ನಕ್ಕೆ ಕೊಟ್ಟ ಮರ್ಯಾದೆ ದೊಡ್ಡದೇ, ಒಪ್ಪುತ್ತೇನೆ. ಆದರೆ ಅದರಿಂದ ಕೆಟ್ಟದ್ದು ಬಲಹೆಗಲು. ನಲವತ್ತು ದಾಟುವ ಮೊದಲೇ ತಲೆ ಬಾಚಲು ಕೈ ಏಳದವರು ಇವರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಸಿದ್ಧಕಟ್ಟೆಯ ಶಂಭು ಹದಿನಾರಕ್ಕೆ ಈ ಕೆಲಸಕ್ಕೆ ಬಂದವರು. ಇಪ್ಪತ್ತೈದು ವರ್ಷ ಹೊತ್ತ ಮೇಲೆ ಅವರ ಹೆಗಲೂ ಕೈಕೊಟ್ಟಿತು. ಅಂಗಿ ತೊಡಿಸಲು ಹೆಂಡತಿ ರಾಜೀವಿಯೇ ಬರಬೇಕು. ಅವರು ಮುಡಿ ಹೊರುತ್ತಿದ್ದ ಅಂಗಡಿಯ ಅಬ್ದುಲ್ ರಹಿಮಾನ್ ಸಾಹುಕಾರರು ಕೈಬಿಡದೆ ತಕ್ಕಡಿಯ ಮುಂದೆ ಕೂರಿಸಿದರು. ಮದ್ದು ಸಿಕ್ಕಿದ್ದು ಅಲ್ಲಿಯೇ.

“ಕೆಳಗಿನ ಕಲ್ಲು ತೆಗೀಲಿಕ್ಕೆ ಬಗ್ಗಿದೆ. ಕೈ ತನ್ನಷ್ಟಕ್ಕೆ ಜೋತು ಬಿತ್ತು. ಹೆಗಲಿನ ಒಳಗೆ ಎಂತದೋ ಸಡಿಲ ಆದ ಹಾಗೆ, ನೋವು ಕಡಿಮೆ. ಹಾಗೇ ಗಾಣದ ಹಾಗೆ ಮೆಲ್ಲ ತಿರುಗಿಸಿದೆ. ಸಾಹುಕಾರ್ರು ಕೇಳಿದ್ರು, ತೂಗುವುದು ಬಿಟ್ಟು ಎಂತ ಮಾಡ್ತೀಯ ಅಂತ!” ಶಂಭು ಬಾಯ್ತುಂಬ ನಗುತ್ತಾರೆ. ದಿನಾ ಹೀಗೆ ತಿರುಗಿಸಿ ಒಂಬತ್ತು ತಿಂಗಳಲ್ಲಿ ಅಂಗಿಯನ್ನು ತಾವೇ ತೊಟ್ಟುಕೊಂಡರಂತೆ.

ಆಮೇಲೆ ಸರಕಾರದ ಕಿಲೋ ಬಂತು, ಅರ್ಧ ಕಿಲೋಗಿಂತ ತುಸು ಕಡಿಮೆ ತೂಗುವ ಹಳೆಯ ರಾತಲು ಮೂಲೆ ಸೇರಿತು. ಅಂಗಡಿಗೆ ಬೇಡವಾದ ಏಳು, ಹದಿನಾಲ್ಕು, ಇಪ್ಪತ್ತೆಂಟು ರಾತಲಿನ ಕಲ್ಲುಗಳನ್ನು ಸಾಹುಕಾರರು ಶಂಭುವಿಗೆ ಕೊಟ್ಟರು. ಮೂರು ವರ್ಷದಿಂದ ಅವೇ ಈ ಮರಳಿನ ಶಾಲೆಯ ಆಸ್ತಿ. ಮೊದಲ ಹದಿನೈದು ದಿನ ಬಗ್ಗಿ ಕೈಯನ್ನು ಗಾಣದ ಹಾಗೆ ತಿರುಗಿಸುವುದು ಮಾತ್ರ. ಮತ್ತೆ ಗೋಡೆಗೆ ಬೆನ್ನು ಕೊಟ್ಟು, ಮೊಣಕೈ ಗೋಡೆ ಬಿಡದ ಹಾಗೆ ಎರಡೂ ಕೈ ಏರಿಸಿ ಇಳಿಸುವುದು. ಬೀಸುವುದು ಅದರ ನಂತರ. ಇವರ ಬಗ್ಗೆ ಬರೆಯಲು ಬಂದ ನಾನು ನೇರ ಹದಿನಾಲ್ಕು ರಾತಲಿಗೇ ಕೈಹಾಕಿ ಬೈಸಿಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿದ್ದಲ್ಲ.

ಸಾಲಿನ ಕೊನೆಯಲ್ಲಿರುವ ಕಮಲಾಕ್ಷನಿಗೆ ಇಂದು ಪರೀಕ್ಷೆ. ಇಪ್ಪತ್ತೆಂಟರ ಹುಡುಗ. ಬಲಹೆಗಲು ಉಳುಕಿ ಐದು ತಿಂಗಳಿಂದ ಕೆಲಸವಿಲ್ಲ. ಹೆಂಡತಿ ಪ್ರೇಮಾವತಿ ಕಟ್ಟುವ ಬೀಡಿಯಿಂದ ಒಲೆ ಉರಿಯುತ್ತಿದೆ. ಇಪ್ಪತ್ತು ಮುಡಿ ಅಟ್ಟಕ್ಕೆ ಏರಿಸಿದರೆ ಕೆಲಸ, ಇಲ್ಲವಾದರೆ ಆ ಜಾಗಕ್ಕೆ ಬೇರೆಯವನು ಎಂದು ಹಮಾಲಿಗಳ ಮೇಸ್ತ್ರಿ ವೆಂಕಪ್ಪ ಕಡ್ಡಿ ಮುರಿದಂತೆ ಹೇಳಿದ್ದಾರೆ.

ಎಂಟು ಗಂಟೆಗೆ ಸಾಹುಕಾರರ ಅಂಗಡಿಗೆ ಲಾರಿ ಬರುತ್ತದೆ. ಕಮಲಾಕ್ಷ ಒಂದೊಂದೇ ಮುಡಿ ಹೊತ್ತು ಏಣಿ ಹತ್ತುತ್ತಾನೆ. ಹನ್ನೆರಡು ಮುಗಿಯುತ್ತದೆ. ಹದಿಮೂರನೆಯದು ಬಲಹೆಗಲಿನಿಂದ ಜಾರಿ ಕೆಳಗಿಳಿಯುತ್ತದೆ. ಶಂಭು ತಕ್ಕಡಿಯಿಂದ ತಲೆಯನ್ನೇ ಎತ್ತುವುದಿಲ್ಲ. “ನಾನು ನೋಡಿದ್ರೆ ಅವನಿಗೆ ಭಾರ ಹೆಚ್ಚಾಗ್ತದೆ” ಎಂದು ನನ್ನ ಕಿವಿಯಲ್ಲಿ ಉಸುರುತ್ತಾರೆ.

ಕಮಲಾಕ್ಷ ಸೊಂಟ ಬಗ್ಗಿಸುತ್ತಾನೆ. ಮುಡಿಯನ್ನು ಎತ್ತಿ ಎಡಹೆಗಲಿಗೆ ಹಾಕಿಕೊಳ್ಳುತ್ತಾನೆ.

“ಏ, ಅನ್ನ ಅದು! ಎಡಕ್ಕೆ ಹಾಕ್ತಾರಾ?” ವೆಂಕಪ್ಪನ ಕೂಗಿಗೆ ಇಡೀ ಅಂಗಡಿ ತಿರುಗಿ ನೋಡುತ್ತದೆ.

ಕಮಲಾಕ್ಷ ಏಣಿಯ ಬುಡದಲ್ಲಿ ನಿಲ್ಲುತ್ತಾನೆ. “ಐದು ತಿಂಗಳು ಬಲಹೆಗಲು ಒಂದು ಹಿಡಿ ಅಕ್ಕಿ ತರಲಿಲ್ಲ ಮೇಸ್ತ್ರಿಗಳೇ. ಮನೆಯಲ್ಲಿ ಮಕ್ಕಳಿದ್ದಾರೆ. ಎಡಹೆಗಲಲ್ಲಿ ಬಂದ ಅಕ್ಕಿ ಅವರಿಗೆ ಹೊಟ್ಟೆ ತುಂಬುವುದಿಲ್ವಾ?”

ಉತ್ತರಕ್ಕೆ ಕಾಯದೆ ಏಣಿ ಹತ್ತುತ್ತಾನೆ. ಹೆಗಲು ಕೆಳಗೆ, ಬೆನ್ನು ನೇರ. ಹದಿನಾಲ್ಕು, ಹದಿನೈದು, ಹದಿನಾರು. ಇಪ್ಪತ್ತನೆಯದು ಅಟ್ಟ ಸೇರಿದಾಗ ವೆಂಕಪ್ಪ ತಮ್ಮ ಬಲಹೆಗಲನ್ನೇ ಒತ್ತಿಕೊಳ್ಳುತ್ತಾ, “ನಾಳೆಯಿಂದ ಬಾ” ಎನ್ನುತ್ತಾರೆ.

ಶಂಭು ಮಾತ್ರ ಬೆಲ್ಲ ತೂಗುತ್ತಿದ್ದಾರೆ. ಹೆಮ್ಮೆ ಅನಿಸುವುದಿಲ್ಲವೇ ಎಂದು ಕೇಳುತ್ತೇನೆ.

“ಅನಿಸದೆ ಉಂಟಾ ಮಾರಾಯ್ರೆ?” ಈಗಷ್ಟೇ ತಲೆಯೆತ್ತಿ ಅಟ್ಟದ ಕಡೆ ನೋಡುತ್ತಾರೆ. “ಇಪ್ಪತ್ತೈದು ವರ್ಷ ನಾನು ಹೊತ್ತ ಅಕ್ಕಿಯನ್ನೆಲ್ಲ ಯಾರ್‍ಯಾರೋ ಉಂಡು ಮುಗಿಸಿದ್ರು. ಈ ಹುಡುಗನ ಹೆಗಲು ಇಲ್ಲೇ ಉಂಟು, ದಿನಾ ಕಣ್ಣೆದುರು. ಇದು ನಾನು ಮಾಡಿದ ಕೆಲಸ. ಹಾಗೇ ಬರೆಯಿರಿ.”