ಕಾಕಾನ ಆಂಪ್ಲಿ, ಒಂದು ಬಲ್ಬು

ಬಿಸಿಯಾದ ಗಾಜಿನ ಮೇಲೆ ಹತ್ತಿಯ ಧೂಳು ಸುಡುವ ವಾಸನೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಹೊಸ ಸೀರೆ ಒಂದು ಕ್ಷಣ ಹೆಚ್ಚು ಉಳಿದರೆ ಬರುತ್ತದಲ್ಲ, ಅದಕ್ಕೆ ಹತ್ತಿರ. ಅದರ ಹಿಂದೆ ಬಿಸಿ ಮೇಣ, ಹಳೆಯ ಕಟ್ಟಿಗೆ, ರೆಕ್ಸಿನ್ನು. ಕಳೆದ ವಾರ ರಬಕವಿಯ ನನ್ನ ಸೀರೆ ಅಂಗಡಿಯಲ್ಲಿ, ನಡು ಮಧ್ಯಾಹ್ನ, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಆ ವಾಸನೆ ಎದ್ದಿತು. ಮುಧೋಳದ ಒಬ್ಬ ಹುಡುಗ ನಮ್ಮ ಮಲ್ಲು ಕಾಕಾನ ಹಳೆಯ ವಾಲ್ವ್ ಆಂಪ್ಲಿಫಾಯರಿನ ಸ್ವಿಚ್ಚು ಹಾಕಿದ್ದ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಆತ ಹೋದ ಮೇಲೆ ಅದು ನನ್ನ ಅಟ್ಟದ ಮೇಲೆ, ಹಳೆಯ ಸೀರೆ ಹೊದ್ದುಕೊಂಡು ಕೂತಿತ್ತು. ಈಗಿನ ಹುಡುಗರಿಗೆ ಗಿಟಾರ್ ನುಡಿಸಲು ಇಂಥ ಹಳೆಯದೇ ಬೇಕಂತೆ; ಯಾರಿಂದಲೋ ಸುದ್ದಿ ಕೇಳಿ ಆತ ಹುಡುಕಿಕೊಂಡು ಬಂದಿದ್ದ.

ಮೊದಲ ಸಲ ಬಂದಾಗ ಬಾಗಿಲಲ್ಲೇ ನಿಂತು, "ಅಕ್ಕಾರ, ಎಷ್ಟಕ್ಕ ಕೊಡ್ತೀರಿ ಹೇಳಿಬಿಡ್ರಿ" ಅಂದ. ಹೆಗಲ ಮೇಲೆ ಸೀರೆ ಗಂಟು ಹೊತ್ತು ಚಿಮ್ಮಡ, ರನ್ನ ಬೆಳಗಲಿ ಅಂತ ಊರೂರು ತಿರುಗಿ ವ್ಯಾಪಾರ ಕಲಿತವಳು ನಾನು. ಗಿರಾಕಿ ಚಪ್ಪಲಿ ಬಿಡುವ ರೀತಿಯಲ್ಲೇ ಕೊಳ್ಳುತ್ತಾನೋ ಇಲ್ಲವೋ ಹೇಳಬಲ್ಲೆ. ಇವನು ಕೊಳ್ಳುವವನೇ. ಆದರೂ ಬಾಯಿಗೆ ಬೆಲೆ ಬರಲಿಲ್ಲ. "ರೇಟ್ ಆಮ್ಯಾಲ. ವರ್ಷಾನುಗಟ್ಲೆ ಸುಮ್ನ ಕುಂತದ್ದು ಐತಿ ಇದು. ಹಂಗ ಪಿನ್ನ ಚುಚ್ಚಿದ್ಯೋ, ಒಳಗಿನ ಕೆಪ್ಯಾಸಿಟರ್ ಸಿಡೀತಾವ. ಮೊದಲ ಬಲ್ಲ ಮೇಸ್ತ್ರಿ ಕಡೆ ಒಯ್ದು ಅವನ್ನ ಬದಲಿ ಮಾಡಿಸಿಕೊಂಡ ಬಾ. ಮೊದಲನೇ ಸಲ ಸ್ವಿಚ್ ಹಾಕೂದು ಮಾತ್ರ ನನ್ನ ಮುಂದ ಆಗಬೇಕು" ಅಂದೆ. ಆತ ನನ್ನನ್ನೇ ನೋಡಿದ. ಸೀರೆ ಮಾರುವ ಹೆಂಗಸು ಕೆಪ್ಯಾಸಿಟರ್ ಮಾತು ಆಡುವುದನ್ನು ಕೇಳಿರಲಿಲ್ಲವೇನೋ. ನನಗೆ ಬುದ್ಧಿ ಹೇಳುವ ಚಟ ಇದೆ. ಒಳಕಲ್ಲು ಕೊಳ್ಳುವುದರಿಂದ ಹಿಡಿದು ಬೀಗತನ ಮಾಡುವುದರವರೆಗೆ ಕೇಳದವರಿಗೂ ಹೇಳುತ್ತೇನೆ. ಆದರೆ ಈ ಒಂದು ವಿಷಯದಲ್ಲಿ ನಾನು ಬಲ್ಲದ್ದೆಲ್ಲ ನನ್ನದಲ್ಲ, ಕಾಕಾನದು.

ಬನಹಟ್ಟಿಯ ನಮ್ಮ ಮನೆ ಈಗ ಇಲ್ಲ. ಆ ಜಾಗದಲ್ಲಿ ಬೇರೆಯವರ ಗೋದಾಮು ಇದೆ. ಆಗ ಮುಂದಿನ ಪಡಸಾಲೆಯಲ್ಲಿ ಆರು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಒಂದು ಕತ್ತಲೆ ಕೋಣೆ. ಮಗ್ಗ ಓಡುವಾಗ ನೆಲ ನಡುಗುತ್ತಿತ್ತು, ತಾಟಿನ ಅಂಚಿನಲ್ಲಿ ಸಾರು ನಡುಗುತ್ತಿತ್ತು. ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ಆಯಿ, ಎಂದರೆ ನಮ್ಮ ಅಜ್ಜಿ, ಅಡುಗೆಮನೆಯಿಂದ ಉದ್ದಕ್ಕೆ ಕೈ ಚಾಚಿ ಬೆರಳು ಮಡಚಿದರೆ ಊಟಕ್ಕೆ ಬರಬೇಕು ಎಂದರ್ಥ. ಹತ್ತಿಯ ಧೂಳು ಎಲ್ಲದರ ಮೇಲೂ ಕೂರುತ್ತಿತ್ತು: ದೇವರ ಜಗುಲಿ, ನಮ್ಮ ಹುಬ್ಬು, ಹಾಲಿನ ಕೆನೆ. ಪ್ರತಿ ಮಗ್ಗದ ಮೇಲೆ ಒಂದೊಂದು ಬಲ್ಬು ನೇತಾಡುತ್ತಿತ್ತು. ಆ ನಡುಕಕ್ಕೆ ಒಳಗಿನ ತಂತಿ ಕಡಿದು ಬಲ್ಬುಗಳು ಹೋಗುತ್ತಲೇ ಇರುತ್ತಿದ್ದವು. ಹೋದದ್ದನ್ನು ಯಾರೂ ಎಸೆಯುತ್ತಿರಲಿಲ್ಲ. ಮಗ್ಗ ನಿಲ್ಲಬಾರದೆಂದು ಇಲ್ಲಿಯದು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ಬದಲಿಸುತ್ತ, ಕೆಲಸವಿಲ್ಲದ ಹೋಲ್ಡರಿನಲ್ಲಿ ಹೋದದ್ದನ್ನು ಸಿಕ್ಕಿಸಿಡುತ್ತಿದ್ದೆವು. ಬಲ್ಬು ಛಲೋ ಇದೆಯೋ ಹೋಗಿದೆಯೋ ಎಂದು ಹಾಕಿಯೇ ನೋಡಬೇಕು. ಆ ಸದ್ದಿನಲ್ಲಿ ಕಿವಿಗೆ ಹಿಡಿದು ನೋಡುವ ರೂಢಿ ನಮ್ಮಲ್ಲಿ ಇರಲೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಕಾಕಾ ಹಗಲು ಎರಡು ಮಗ್ಗ ನೋಡುತ್ತಿದ್ದ. ಮದುವೆಯ ದಿನಗಳಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಗಿಟಾರ್ ಮತ್ತು ಆಂಪ್ಲಿ ಎರಡನ್ನೂ ಮಿರಜಿನಿಂದ ತಂದಿದ್ದ. ಆಂಪ್ಲಿ ಕತ್ತಲೆ ಕೋಣೆಯಲ್ಲಿ ಇರುತ್ತಿತ್ತು. ಅಮಾವಾಸ್ಯೆಗೆ ನಮ್ಮ ಮಗ್ಗಗಳಿಗೆ ರಜೆ. ಆವತ್ತು ಮಗ್ಗಕ್ಕೆ ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಹೂ ಏರಿಸಿ ಪೂಜೆ. ಕಾಕಾ ಆಂಪ್ಲಿಯನ್ನೂ ಪಡಸಾಲೆಗೆ ತಂದಿಡುತ್ತಿದ್ದ. ಆಯಿ ಎಲ್ಲಕ್ಕೂ ನೀರು ಚಿಮುಕಿಸುತ್ತ ಅದರ ಹತ್ತಿರ ಬಂದರೆ ಕಾಕಾ ಅಡ್ಡ ನಿಲ್ಲುತ್ತಿದ್ದ.

"ಯವ್ವಾ, ಅದರ ಮ್ಯಾಲ ನೀರ ಹಾಕಬ್ಯಾಡ!"

"ಯಾಕೋ, ಅದಕ್ಕೇನ್ ನೆಗಡಿ ಆಗತೈತೇನ?"

"ಅದಕ್ಕ ಏನೂ ಆಗೂದಿಲ್ಲಬೇ. ನೀರ ಬಿದ್ರ ಅದ ನಮ್ಮ ಪೂಜಿ ಮಾಡತೈತಿ."

ಪೂಜೆ ಮುಗಿದ ಮೇಲೆ ಮನೆಯಲ್ಲಿ ಆ ತಿಂಗಳ ಮೊದಲ ನಿಶ್ಶಬ್ದ. ಕಾಕಾ ಮೆತ್ತನೆಯ ಬ್ರಶ್ಶಿನಿಂದ, ಬಲ್ಬಿನಂಥ ಗಾಜಿನ ವಾಲ್ವುಗಳ ಮೇಲಿನ ಧೂಳು ಒರೆಸುತ್ತಿದ್ದ. ನಾನು ಎದುರು ಕೂರುತ್ತಿದ್ದೆ, ಆತ ಹೇಳುತ್ತಿದ್ದ. "ಕಸ್ತೂರಿ, ಸ್ಪೀಕರ್ ವಾಯರ್ ಹಚ್ಚಲಾರದ ಸ್ವಿಚ್ ಹಾಕಿದ್ರ, ಬಾಯಾಗ ಅರಿವಿ ತುರುಕಿ ಹಾಡು ಅಂದಂಗ. ಒಳಗಿಂದ ಒಳಗ ಸುಡತೈತಿ." ಮೊದಲು ಒಂದು ಸ್ವಿಚ್ಚು, ವಾಲ್ವು ಕೆಂಪಗೆ ಕಾಯುವವರೆಗೆ ತಾಳ್ಮೆ, ಆಮೇಲೆ ಎರಡನೆಯದು. ಗೋಡೆಯಿಂದ ಗೇಣುದ್ದ ದೂರ ಇಡಬೇಕು, ಮೇಲೆ ಬಟ್ಟೆ ಹಾಕಬಾರದು, ಬಿಸಿ ಇರುವಾಗ ಎತ್ತಬಾರದು. ಪಿನ್ನಿನ ಮೂರನೆಯ ಕಾಲು ಮುರಿಯಬಾರದು, ಅದೇ ನಮ್ಮನ್ನು ಕಾಯುವುದು. ಫ್ಯೂಜು ಹೋದರೆ ಅದೇ ಅಳತೆಯ ಫ್ಯೂಜೇ ಹಾಕಬೇಕು. ಮಗ್ಗದ ಮನೆಯವರ ಕೈ ಮೊದಲು ಜರಿ ಎಳೆಗೆ ಹೋಗುತ್ತದೆ, ನಾಲ್ಕು ಎಳೆ ಹೊಸೆದು ಸಿಕ್ಕಿಸಿದರೆ ಆಯಿತು ಎಂದು, ಆಗಬಾರದು. ಒಳಗೆ ಕೈ ಹಾಕುವಾಗ ಇನ್ನೊಂದು ಕೈ ಬೆನ್ನ ಹಿಂದೆ, ಕರೆಂಟು ಎದೆ ಹಾಯ್ದು ಹೋಗಬಾರದೆಂದು. ಎಲ್ಲಕ್ಕಿಂತ ಮುಖ್ಯ, ಪಿನ್ನು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ. ಅದನ್ನು ಇಳಿಸಲು ಕಾಕಾ ಒಂದು ಹೋಲ್ಡರಿಗೆ ನಲವತ್ತು ಕ್ಯಾಂಡಲ್ಲಿನ, ಎಂದರೆ ನಲವತ್ತು ವ್ಯಾಟಿನ, ಬಲ್ಬು ಹಾಕಿ, ಎರಡು ವಾಯರು ಬಿಟ್ಟು ಇಟ್ಟುಕೊಂಡಿದ್ದ. ಆ ವಾಯರುಗಳ ತುದಿಯನ್ನು ಒಳಗೆ ಎರಡು ಕಡೆ ಮುಟ್ಟಿಸಿ, ಆಮೇಲೆ ಕೈ. ಬಹಳ ಸಲ ಬಲ್ಬು ಮಿನುಗುತ್ತಲೇ ಇರಲಿಲ್ಲ, ಏಕೆಂದರೆ ಬಿಸಿ ವಾಲ್ವುಗಳೇ ಅಷ್ಟರಲ್ಲಿ ಕರೆಂಟು ಕುಡಿದುಬಿಟ್ಟಿರುತ್ತಿದ್ದವು. ಆದರೆ ಆ ಕಾರಣವನ್ನು ಕಾಕಾ ನನಗೆ ಹೇಳಿರಲಿಲ್ಲ. ನಾನು ಕಂಡದ್ದು ಇಷ್ಟೆ: ವಾಯರು ಮುಟ್ಟಿಸುತ್ತಾನೆ, ಬಲ್ಬು ಹತ್ತುವುದಿಲ್ಲ, ಕೈ ಹಾಕುತ್ತಾನೆ. ಕೆಲಸ ಮಾಡುವುದು ವಾಯರು, ಬಲ್ಬು ಸುಮ್ಮನೆ ಇದೆ ಎಂದುಕೊಂಡಿದ್ದೆ.

ನನಗೆ ಆಗ ಹನ್ನೊಂದು ವರ್ಷ. ಮದುವೆಯ ಸುಗ್ಗಿ, ಸೀರೆಗೆ ಅವಸರ. ಸಾಲೆ ಸೂಟಿ ಇದ್ದುದರಿಂದ ನಾನು ಕಂಡಕಿ ಸುತ್ತುವ ಮಶಿನ್ನಿಗೆ ಕೂರುತ್ತಿದ್ದೆ. ಲಾಳಿಯೊಳಗೆ ಹಾಕುವ ನೂಲಿನ ಸಣ್ಣ ಉರುಳೆಗೆ ನಮ್ಮಲ್ಲಿ ಕಂಡಕಿ ಅನ್ನುತ್ತಾರೆ. ಮಧ್ಯಾಹ್ನ ನನ್ನ ತಲೆಯ ಮೇಲಿನ ಬಲ್ಬು ಹೋಯಿತು. ಆ ಮೂಲೆಯಲ್ಲಿ ಹಗಲೂ ಕತ್ತಲೆ. ಕೋಣೆಗೆ ಹೋದೆ, ಕಾಕಾನ ಹೋಲ್ಡರಿನಿಂದ ಛಲೋ ಬಲ್ಬು ಬಿಚ್ಚಿದೆ, ಹೋದದ್ದನ್ನು ಅಲ್ಲಿ ಸಿಕ್ಕಿಸಿದೆ. ನಮ್ಮ ಮನೆಯ ರೂಢಿಯೇ ಅದು. ಬೆಳಕು ಬಂತು, ಕೆಲಸ ಸಾಗಿತು.

ಮರುದಿನ ಚಿಮ್ಮಡದಲ್ಲಿ ಮದುವೆ ಇತ್ತು. ಆಂಪ್ಲಿ ಗುಂಯ್ ಅನ್ನುತ್ತಿದೆ ಎಂದು ಕಾಕಾ ಸ್ವಲ್ಪ ಹೊತ್ತಿನಲ್ಲೇ ಅದನ್ನು ನನ್ನ ಎದುರಿಗೇ, ಬೆಳಕಿಗೆ, ತಂದಿಟ್ಟುಕೊಂಡ. ದೊಡ್ಡ ವಾಲ್ವು ಎರಡನ್ನೂ ಕಿತ್ತು ಪಕ್ಕಕ್ಕಿಟ್ಟ. ಒಂದು ಕ್ಷಣ ಕರೆಂಟು ಕೊಟ್ಟು ಏನೋ ನೋಡಿದ, ಪಿನ್ನು ಕಿತ್ತ. ವಾಲ್ವು ಇಲ್ಲದ್ದರಿಂದ ಒಳಗಿನ ಕರೆಂಟು ಇಳಿಯಲು ಬಲ್ಬೊಂದೇ ದಾರಿ; ತಂತಿ ಕಡಿದ ಬಲ್ಬಿನಲ್ಲಿ ಆ ದಾರಿಯೂ ಇರಲಿಲ್ಲ. ಇದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಆತ ವಾಯರು ಮುಟ್ಟಿಸಿದ. ಬಲ್ಬು ಮಿನುಗಲಿಲ್ಲ. ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು ಎಡಗೈ ಒಳಗೆ ಹಾಕಿದ. ಮಗ್ಗಗಳ ಸದ್ದಿನಲ್ಲಿ ಆತ ಕೂಗಿದ್ದು ಕೇಳಲಿಲ್ಲ, ಬಾಯಿ ತೆರೆದದ್ದು ಕಂಡಿತು. ಕೈ ಎಳೆದುಕೊಂಡ ರಭಸಕ್ಕೆ ಒಳಗಿನ ತಗಡಿನ ಅಂಚು ನಡುವಿನ ಎರಡು ಬೆರಳುಗಳ ಬುಡವನ್ನು ಸೀಳಿತ್ತು. ರಕ್ತ ಸುರಿಯುತ್ತಿದ್ದ ಕೈಯನ್ನು ಎದೆಗೆ ಒತ್ತಿಕೊಂಡು, ಆತ ಬಲಗೈಯಿಂದ ಆ ಹೋಲ್ಡರನ್ನು ಎತ್ತಿದ. ಕಿವಿಗೆ ಒತ್ತಿ ಹಿಡಿದು ಒಮ್ಮೆ ಅಲುಗಾಡಿಸಿದ. ಆಮೇಲೆ ನನ್ನ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ನೋಡಿದ. ಶಾಕು ಹೊಡೆದು ಮಂಕು ಕವಿದಿದೆ ಎಂದುಕೊಂಡೆ.

ಅಪ್ಪ ಮಗ್ಗ ನಿಲ್ಲಿಸಿ ಓಡಿಬಂದ. "ಬಲ್ಬ್ ಹಚ್ಚಿದ್ದಿಲ್ಲೇನೋ ಮಂಗ್ಯಾ?" ಎಂದು ಬೈಯುತ್ತಲೇ ಕೈಗೆ ಬಟ್ಟೆ ಸುತ್ತಿದ.

"ಇಲ್ಲಣ್ಣಾ. ಹಚ್ಚೂದ ಮರತೆ" ಅಂದ ಕಾಕಾ.

ಆತ ಮುಟ್ಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಬಲ್ಬು ಅಲ್ಲಿ ಸುಮ್ಮನೆ ಇರಲಿಲ್ಲ ಎಂಬುದು ಅಪ್ಪನ ಬೈಗುಳದಿಂದಲೇ ನನಗೆ ಹೊಳೆದದ್ದು. ಅಣ್ಣತಮ್ಮಂದಿರು ಜಮಖಂಡಿಯ ದವಾಖಾನೆಗೆ ಹೋದರು. ಆಯಿ ನೆಲ ತೊಳೆದಳು. ನಾನು ಕಂಡಕಿ ತುಂಬಿದಾಗ ತೆಗೆದೆ, ಇನ್ನೊಂದು ಹಾಕಿದೆ, ಅದೂ ತುಂಬಿತು, ತೆಗೆದೆ. ಅಳು ಬರಲಿಲ್ಲ. ಸಂಜೆ ಯಾರೂ ನೋಡದಾಗ ಬಲ್ಬುಗಳನ್ನು ಮತ್ತೆ ಅದಲುಬದಲು ಮಾಡಿದೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದು ನೆನಪಿದೆ. ವ್ಯಾಪಾರದ ಬುದ್ಧಿ ನನಗೆ ಆಗಲೇ ಇತ್ತು.

ಗಾಯ ಮಾಯಿತು. ನರ ಕಡಿದಿತ್ತು, ಎರಡು ಬೆರಳಿಗೆ ಸ್ಪರ್ಶ ಬರಲಿಲ್ಲ. ಬಿಸಿ ಚಹಾದ ಬಟ್ಟಲು ಹಿಡಿದು ಚರ್ಮ ಸುಟ್ಟರೂ ಆತನಿಗೆ ಗೊತ್ತಾಗುತ್ತಿರಲಿಲ್ಲ, ಆಯಿ ಓಡಿಹೋಗಿ ಕಸಿದುಕೊಳ್ಳುತ್ತಿದ್ದಳು. ಮಗ್ಗದ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಗಿಟಾರಿಗೆ ಆಯಿತು. ತಂತಿ ಎಲ್ಲಿದೆ ಎಂದು ಬೆರಳಿಗೆ ತಿಳಿಯಬೇಕಲ್ಲ. ಕೆಲವು ತಿಂಗಳು ಕಣ್ಣಿಂದ ನೋಡಿಕೊಂಡು ಒತ್ತಿದ, ಆಮೇಲೆ ಒಂದು ದಿನ ಗಿಟಾರನ್ನು ಮಿರಜಿಗೆ ಒಯ್ದು ಬಿಟ್ಟುಬಂದ. ಆಂಪ್ಲಿ ಮಾತ್ರ ಮಾರಲಿಲ್ಲ. "ಸುಮ್ನ ಕುಂದ್ರಿಸಿದ್ರ ಕೆಡತೈತಿ, ತಿಂಗಳಿಗೊಮ್ಮಿ ಕಾಯಿಸಬೇಕು" ಎಂದು ಪ್ರತಿ ಅಮಾವಾಸ್ಯೆ, ಪೂಜೆಯಾದ ಮೇಲೆ, ಗಿಟಾರ್ ಇಲ್ಲದ ಆಂಪ್ಲಿಯ ಸ್ವಿಚ್ಚು ಹಾಕುತ್ತಿದ್ದ. ವಾಲ್ವು ಕೆಂಪಗಾಗುತ್ತಿದ್ದವು, ಧೂಳು ಸುಡುವ ವಾಸನೆ ಬರುತ್ತಿತ್ತು, ಸ್ಪೀಕರಿನಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು. ಮಗ್ಗ ನಿಂತ ಮನೆಯಲ್ಲಿ ಆಯಿ, ಅಪ್ಪ, ನಾನು, ಕಾಕಾ ಸುಮ್ಮನೆ ಕೂತು ಅದನ್ನು ಕೇಳುತ್ತಿದ್ದೆವು. ಯಾರಾದರೂ ಬಂದು, "ಏನ್ ಕೇಳಾಕತ್ತೀರಿ?" ಅಂದರೆ ಆಯಿ ಚಹಾ ಮಾಡಲು ಎದ್ದುಹೋಗುತ್ತಿದ್ದಳು.

ನನ್ನ ಮದುವೆಯಾಗಿ ರಬಕವಿಗೆ ಹೊರಟ ದಿನ ಎಲ್ಲರೂ ಬುದ್ಧಿ ಹೇಳಿದರು. ಕಾಕಾ ಕೊನೆಗೆ ಬಂದ. ರಬಕವಿ ಏನು ದೂರ, ನಡೆದೇ ಹೋಗಬಹುದು. ಆದರೂ ಹೆಣ್ಣು ಹೊರಟಳೆಂದರೆ ಹೊರಟಂತೆಯೇ. ಆತ ನನ್ನ ತಲೆಯ ಮೇಲೆ ಎಡಗೈ ಇಟ್ಟು ಅಂದ, "ಹೊಸಾ ಮನ್ಯಾಗ ಬಲ್ಬ್ ಬದಲಿ ಮಾಡೂದ ಬಂದ್ರ, ಮೊದಲ ಕಿವಿ ಹಂತೇಕ ಹಿಡದ ಅಲಗಾಡಿಸಿ ನೋಡವಾ. ಹ್ವಾದದ್ದಿದ್ರ ಒಳಗ ಕಿಣಿಕಿಣಿ ಅಂತೈತಿ."

ಸುತ್ತಲಿದ್ದವರು ನಕ್ಕರು. ಗಂಡನ ಮನೆಗೆ ಹೋಗುವವಳಿಗೆ ಎಂಥ ಬುದ್ಧಿಮಾತು ಎಂದು. ನಾನು ನಗಲಿಲ್ಲ. ಆವತ್ತು ಆತ ಹೋಲ್ಡರನ್ನು ಕಿವಿಗೆ ಹಿಡಿದದ್ದು ಯಾಕೆಂದು ಆಗ ತಿಳಿಯಿತು. ಆಮೇಲೆ ಎಷ್ಟೋ ಹಬ್ಬಕ್ಕೆ ತವರಿಗೆ ಹೋದೆ, ಎದುರು ಕೂತು ರೊಟ್ಟಿ ತಿಂದೆ. ಬಲ್ಬು ಬದಲಿಸಿದವಳು ನಾನೇ ಅಂತ ಈ ಸಲ ಹೇಳೋಣ ಎಂದು ಹೋಗಿ, ನೂಲಿನ ರೇಟು ಮಾತಾಡಿ ಬಂದೆ. ಆಯಿ ಹೋದಳು. ಅಪ್ಪ ಹೋದ. ಮಗ್ಗಗಳು ತೂಕದ ಕಬ್ಬಿಣವಾಗಿ ಟ್ರಕ್ ಹತ್ತಿದವು. ಕಾಕಾನೂ ಹೋದ. ಆತನ ಎಡಗೈ ಹಿಡಿದುಕೊಂಡೇ ಕೂತಿದ್ದೆ. ಹಿಡಿದದ್ದು ಆ ಎರಡು ಬೆರಳೇ ಎಂಬುದು ಆಮೇಲೆ ಹೊಳೆಯಿತು.

ಮುಧೋಳದ ಹುಡುಗ ನನ್ನ ಮಾತಿನಂತೆ ಕೆಪ್ಯಾಸಿಟರ್ ಬದಲಿಸಿಕೊಂಡು ಬಂದಿದ್ದ. ಸ್ಪೀಕರ್ ಹಚ್ಚಿ, ಮೊದಲ ಸ್ವಿಚ್ಚು ಹಾಕಿ, ಕಾಯ್ದು, ಎರಡನೆಯದು ಹಾಕಿದ. ಗಿಟಾರಿನ ವಾಯರು ಸಿಕ್ಕಿಸುವ ಮುಂಚೆ, "ಒಂದ ನಿಮಿಷ ತಡಿ" ಅಂದೆ. ಗುಂಯ್ ಸದ್ದು ಹಾಗೆಯೇ ಇತ್ತು. ಕೇಳಿದೆ. ನನ್ನೊಳಗೆ ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಆತ ನುಡಿಸಿದ, ಛಲೋ ನುಡಿಸಿದ. ಪಕ್ಕದ ಅಂಗಡಿಯವರು ಇಣುಕಿ ಹೋದರು.

"ಈಗರೆ ರೇಟ್ ಹೇಳ್ರಿ ಅಕ್ಕಾರ."

"ನಾ ಹೇಳಿದ್ದನ್ನೆಲ್ಲಾ ತಿರುಗಿ ಒಪ್ಪಸು. ಬರೇ ಹಿಂಗ ಮಾಡಬೇಕು ಅಂದ್ರ ಆಗೂದಿಲ್ಲ. ಯಾಕ ಅನ್ನೂದನ್ನೂ ಹೇಳಬೇಕು."

ಕಾಕಾನ ಪಾಠವನ್ನೆಲ್ಲ ಮೊದಲ ದಿನವೇ ಅವನಿಗೆ ಹೇಳಿಕೊಟ್ಟಿದ್ದೆ; ಆತ ಬೆರಳು ಮಡಚುತ್ತ ಒಪ್ಪಿಸಿದ. ಬಲ್ಬಿಗೆ ಬಂದಾಗ ತಡವರಿಸಿದ. ನಾನು ಕಾಕಾನ ಹೋಲ್ಡರ್ ತಂದೆ, ವಾಯರುಗಳನ್ನು ಹೊಸದಾಗಿ ಹಾಕಿಸಿಟ್ಟಿದ್ದೆ. ನಲವತ್ತು ಕ್ಯಾಂಡಲ್ಲಿನ ಬಲ್ಬು ಈಗ ಸಿಗುವುದು ಕಷ್ಟ. ಮೂರು ಅಂಗಡಿ ತಿರುಗಿ ಒಂದನ್ನು ಹುಡುಕಿಸಿದ್ದೆ. "ಇದನ್ನ ಹಚ್ಚೂಕಿಂತ ಮೊದಲ, ಪ್ರತಿ ಸಲ, ಹಿಂಗ" ಎಂದು ಬಲ್ಬನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ತೋರಿಸಿದೆ. ಒಳಗೆ ಏನೂ ಕೇಳಲಿಲ್ಲ. ಏನೂ ಕೇಳದಿದ್ದರೆ ಬಲ್ಬು ಛಲೋ ಇದೆ ಎಂದರ್ಥ. ಹುಡುಗ ಕೈ ಚಾಚಿಕೊಂಡು ನಿಂತಿದ್ದ. ನಾನು ಇನ್ನೊಮ್ಮೆ ಅಲುಗಾಡಿಸಿದೆ, ಇನ್ನೂ ಸ್ವಲ್ಪ ಹೊತ್ತು ಅದನ್ನು ಕಿವಿಗೆ ಹಿಡಿದುಕೊಂಡೇ ಇದ್ದೆ.